ಕೋರ್ಟಿನ ನೆತ್ತಿಯ ಗಡಿಯಾರ

(ಡಲ್ಲಾಸ್ ಹತ್ತಿರದ ಊರೊಂದರ ಗ್ರಂಥಾಲಯದಲ್ಲಿ ಕನ್ನಡ ಬಳಗದವರ ಮುಂದೆ ಆಡಿದ ಮಾತಿದು. ಟಿಪ್ಪಣಿ ನೋಡಿಕೊಂಡು ಬರೆದಿದ್ದೇನೆ. ಅಲ್ಲಿ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಆಡುವಾಗ ಎಡವಿದ ಕೆಲವು ಕಡೆ ಸರಿ ಮಾಡಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೂರು ಗಂಟೆಗೆ ಅಂತ ಹೇಳಿ ಮೂರೂಕಾಲಿಗೆ ಶುರು ಮಾಡುತ್ತಿದ್ದೇವೆ. ಇವತ್ತಿನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಿಕ್ಕಿಲ್ಲ.

ನನ್ನ ಅಪ್ಪ ಕಾರ್ಕಳದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣಲ್ಲಿ ಬೀದಿ ನೋಡುತ್ತ ಕೂರುವ ಜನ. ಅಂಗಡಿಯ ಗೋಡೆ ತುಂಬ ಗಡಿಯಾರ, ಒಂದೊಂದೂ ಒಂದೊಂದು ವೇಳೆ ತೋರಿಸುತ್ತಿತ್ತು. "ಇದರಲ್ಲಿ ಸರಿಯಾದ್ದು ಯಾವುದು ಅಪ್ಪ?" ಅಂತ ಕೇಳಿದರೆ, "ಗಿರಾಕಿ ಯಾವುದನ್ನು ನಂಬುತ್ತಾನೋ ಅದು" ಅನ್ನುತ್ತಿದ್ದರು. ತಮಾಷೆಗೆ ಹೇಳಿದ್ದು ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಡಲ್ಲಾಸಿಗೆ ಬಂದು ಈ ಕೆಂಪು ಕಟ್ಟಡದ ಕಥೆಯ ಹಿಂದೆ ಬಿದ್ದ ಮೇಲೆ, ಇದೇ ಪ್ರಶ್ನೆ ಹಿಡಿದುಕೊಂಡು ದೊಡ್ಡ ದೊಡ್ಡ ನ್ಯಾಯಾಧೀಶರೂ ತಲೆ ಕೆಡಿಸಿಕೊಂಡಿದ್ದರು ಅಂತ ಗೊತ್ತಾಯಿತು.

ನೀವೆಲ್ಲ ಆ ಕಟ್ಟಡ ನೋಡಿದ್ದೀರಿ. ಊರಿಂದ ಬಂದ ನೆಂಟರನ್ನು ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದ ಜಾಗ ತೋರಿಸಲು ಕರೆದುಕೊಂಡು ಹೋಗುತ್ತೀರಲ್ಲ, ಡೀಲಿ ಪ್ಲಾಜಾ, ಅದರ ಪಕ್ಕದಲ್ಲೇ ಕೋಟೆಯ ಹಾಗೆ ನಿಂತಿರುವ ಕೆಂಪು ಕಲ್ಲಿನ ಕಟ್ಟಡ. ಡಲ್ಲಾಸ್ ಕೌಂಟಿಯ ಹಳೆಯ ಕೋರ್ಟ್‌ಹೌಸ್. ಜನ ಪ್ರೀತಿಯಿಂದ 'ಓಲ್ಡ್ ರೆಡ್' ಅನ್ನುತ್ತಾರೆ, ನಮ್ಮಲ್ಲಿ ಕೆಂಚಣ್ಣ ಅಂತ ಕರೆದ ಹಾಗೆ. ನೆಂಟರು ಅದರ ಮುಂದೆ ಒಂದು ಫೋಟೊ ತೆಗೆಸಿಕೊಂಡು, ಗುಂಡು ಹಾರಿದ ಆರನೇ ಮಹಡಿಯ ಕಿಟಕಿ ಯಾವುದು ಅಂತ ಕೇಳುತ್ತ ಮುಂದೆ ಹೋಗುತ್ತಾರೆ. ಇವತ್ತು ಮುಂದೆ ಹೋಗದೆ ಅಲ್ಲೇ ನಿಲ್ಲೋಣ.

ಮೊದಲು ಕೌಂಟಿ ಕೋರ್ಟ್‌ಹೌಸ್ ಅಂದರೇನು ಅಂತ ಒಂದು ಮಾತು. ನಮ್ಮ ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಆಫೀಸು, ನ್ಯಾಯಾಲಯ, ಖಜಾನೆ ಎಲ್ಲವನ್ನೂ ಒಂದೇ ಸೂರಿನಡಿ ಕೂರಿಸಿ ಊರಿನ ನಡುಮಧ್ಯೆ ಇಟ್ಟರೆ ಹೇಗೋ ಹಾಗೆ. ಮದುವೆಯ ಲೈಸೆನ್ಸು, ಜಮೀನಿನ ಪತ್ರ, ತೆರಿಗೆ, ಕೊಲೆ ಕೇಸು ಎಲ್ಲಕ್ಕೂ ಅದೇ ಬಾಗಿಲು. ಟೆಕ್ಸಸ್ಸಿನಲ್ಲಿ ಇಂಥ ಕೌಂಟಿಗಳು 254. 1881ರಲ್ಲಿ ಶಾಸನಸಭೆ ಕೌಂಟಿಗಳಿಗೆ ಸಾಲಪತ್ರ ಹೊರಡಿಸಿ ಕೋರ್ಟು ಕಟ್ಟಿಕೊಳ್ಳಲು ಅನುಮತಿ ಕೊಟ್ಟಿತು. ಆಮೇಲೆ ಕೇಳಬೇಕೇ! ಪಕ್ಕದ ಕೌಂಟಿಯ ಗೋಪುರಕ್ಕಿಂತ ನಮ್ಮದು ಒಂದು ಮೊಳ ಎತ್ತರ ಇರಬೇಕು ಅನ್ನುವ ಹಟ. ನಮ್ಮ ಕಡೆ ಜಾತ್ರೆಯಲ್ಲಿ ತೇರಿನ ಎತ್ತರಕ್ಕೆ ನಡೆಯುವ ಪೈಪೋಟಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಡಲ್ಲಾಸ್ ಆಗ ಬೆಳೆಯುತ್ತಿದ್ದ ಊರು. 1890ರ ಜನಗಣತಿಯಲ್ಲಿ 38,067 ಜನ, ಟೆಕ್ಸಸ್ಸಿಗೇ ದೊಡ್ಡದು. ಅದೇ ವರ್ಷ ಅವರ ಕೋರ್ಟಿಗೆ ಬೆಂಕಿ ಬಿತ್ತು. ಇನ್ನು ಮುಂದೆ ಸುಡದ ಹಾಗೆ ಕಟ್ಟಬೇಕು, ನೋಡಿದವರು ಬಾಯಿ ಮುಚ್ಚುವ ಹಾಗೆಯೂ ಕಟ್ಟಬೇಕು ಅಂತ ತೀರ್ಮಾನವಾಯಿತು. ಪಕ್ಕದ ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಊರಿನಿಂದ ಮ್ಯಾಕ್ಸ್ ಆರ್ಲಾಪ್ ಅನ್ನುವ ವಾಸ್ತುಶಿಲ್ಪಿ ಬಂದರು. 1892ರಲ್ಲಿ ಎದ್ದು ನಿಂತದ್ದು ಈ ಕಟ್ಟಡ: ಕೆಂಪು ಮರಳುಗಲ್ಲಿನ ಗೋಡೆ, ದುಂಡು ಕಮಾನು, ಮೂಲೆಗಳಲ್ಲಿ ಕಾವಲು ಬುರುಜಿನಂಥ ಎಂಟು ಉರುಟು ಗೋಪುರ. ಸೂರಿನ ಮೇಲೆ ಸುಟ್ಟ ಮಣ್ಣಿನ ನಾಲ್ಕು ರೆಕ್ಕೆಯ ಸರ್ಪಗಳು. ವೈವರ್ನ್ ಅಂತ ಹೆಸರು, ಯುರೋಪಿನ ಪುರಾಣದ ಪ್ರಾಣಿ. ಕೋರ್ಟಿನ ಮೇಲೆ ಇದೇಕೆ ಅಂತ ನನ್ನನ್ನು ಕೇಳಬೇಡಿ. ಬಸದಿಯ ಗೋಡೆಯ ಮೇಲೆ ಮಕರ ಯಾಕೆ ಅಂತ ಯಾರೂ ಕೇಳುವುದಿಲ್ಲವಲ್ಲ, ಚೆಂದ ಕಾಣುತ್ತದೆ, ಅಷ್ಟೆ.

ಈ ಶೈಲಿಯ ಹಿಂದೆ ಒಬ್ಬ ಮನುಷ್ಯನಿದ್ದಾನೆ: ಹೆನ್ರಿ ಹಾಬ್ಸನ್ ರಿಚರ್ಡ್ಸನ್. 1838ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿ, 1886ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡ. ಪಿಟ್ಸ್‌ಬರ್ಗಿನಲ್ಲಿ ಅವನು ರೂಪಿಸಿದ ಅಲೆಗೆನಿ ಕೌಂಟಿ ಕೋರ್ಟು ಪೂರ್ತಿಯಾದದ್ದು 1888ರಲ್ಲಿ, ಅವನು ಸತ್ತ ಮೇಲೆ. ಅದನ್ನು ನೋಡಿ ಅಮೆರಿಕದ ಅರ್ಧ ಕೌಂಟಿಗಳಿಗೆ ಅಂಥದ್ದೇ ಬೇಕಾಯಿತು. ಅವನ ಗುಟ್ಟು ಒರಟುತನ. ಕಲ್ಲನ್ನು ನಯ ಮಾಡುವುದಿಲ್ಲ, ಕ್ವಾರಿಯಿಂದ ಈಗಷ್ಟೇ ಒಡೆದು ತಂದ ಹಾಗೆ ಮುಖ ಉಬ್ಬಿಸಿ ಬಿಡುತ್ತಾರೆ. ಕಿಟಕಿಗಳು ಗೋಡೆಯ ಒಳಗೆ ಆಳಕ್ಕೆ ಹೋಗುತ್ತವೆ, ಕಂಬಗಳು ಗಿಡ್ಡ, ದಪ್ಪ. ಹೊಯ್ಸಳರ ಬಳಪದ ಕಲ್ಲಿನ ಕುಸುರಿ ನೋಡಿ ಬೆಳೆದ ನಮಗೆ, ನಯ ಮಾಡಬೇಡಿ ಅಂತ ಹೇಳಿ ದುಡ್ಡು ಕೊಡುವ ಗಿರಾಕಿ ವಿಚಿತ್ರವಾಗಿ ಕಾಣುತ್ತಾನೆ. ಆದರೆ ಟೆಕ್ಸಸ್ಸಿನ ಬಿಸಿಲಲ್ಲಿ ಮಧ್ಯಾಹ್ನ ಆ ಗೋಡೆಯ ಮುಂದೆ ನಿಂತು ನೋಡಿ. ಪ್ರತಿ ಕಲ್ಲಿಗೂ ಅದರದ್ದೇ ನೆರಳು ಇರುತ್ತದೆ.

ಇಲ್ಲಿಂದ ಒಂದು ಅಡ್ಡದಾರಿ. ಡಲ್ಲಾಸಿನಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಮೈಲಿ ಹೋದರೆ ವಾಕ್ಸಹ್ಯಾಚಿ ಅನ್ನುವ ಊರಿದೆ, ಎಲ್ಲಿಸ್ ಕೌಂಟಿಯ ಮುಖ್ಯ ಊರು. ಅಲ್ಲಿಯ ಕೋರ್ಟು 1897ರದ್ದು. ಗುಲಾಬಿ ಗ್ರಾನೈಟು, ಕೆಂಪು ಮರಳುಗಲ್ಲು, ನಡುವೆ ಗೋಪುರ, ಗೋಪುರದ ನಾಲ್ಕು ದಿಕ್ಕಿಗೂ ಗಡಿಯಾರ. ಹತ್ತಿಯ ದುಡ್ಡು ಕಲ್ಲಾಗಿ ನಿಂತದ್ದು. ಮೊದಲ ಸಲ ಅದನ್ನು ಸುತ್ತು ಹಾಕಿದಾಗ ಎದೆ ಝಗ್ ಅಂದಿತು, ಯಾಕೆಂದರೆ ಅದಕ್ಕೆ ಹಿಂಭಾಗ ಇಲ್ಲ! ಯಾವ ಬೀದಿಯಿಂದ ಬಂದರೂ ಎದುರಿಗೆ ಸಿಗುವುದು ಮುಂಬಾಗಿಲೇ. ನಮ್ಮೂರಿನ ಚತುರ್ಮುಖ ಬಸದಿ ನೆನಪಾಯಿತು. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ್ದು, ನಾಲ್ಕು ಕಡೆಯಿಂದಲೂ ಒಂದೇ ಮುಖ. ಎರಡಕ್ಕೂ ಒಂದಕ್ಕೊಂದು ಯಾವ ಸಂಬಂಧವೂ ಇಲ್ಲ, ಆದರೆ ಲೆಕ್ಕ ಒಂದೇ: ಚೌಕದ ನಡುವೆ ಕೂತವನು ಯಾರಿಗೂ ಬೆನ್ನು ತೋರಿಸುವ ಹಾಗಿಲ್ಲ. ಗಡಿಯಾರಕ್ಕೆ ನಾಲ್ಕು ಮುಖ ಬಂದದ್ದೂ ಅದಕ್ಕೇ. ಪೂರ್ವದ ಅಂಗಡಿಯವನಿಗೆ ವೇಳೆ ಕಂಡು ಪಶ್ಚಿಮದವನಿಗೆ ಕಾಣದೆ ಹೋದರೆ ಮುಂದಿನ ಚುನಾವಣೆಯಲ್ಲಿ ಗೊತ್ತಾಗುತ್ತದೆ.

ಇದನ್ನು ರೂಪಿಸಿದವರು ಜೇಮ್ಸ್ ರೈಲಿ ಗಾರ್ಡನ್. ಟೆಕ್ಸಸ್ಸಿನ ಹಲವು ಕೋರ್ಟುಗಳು ಅವರವೇ: ಸ್ಯಾನ್ ಆಂಟೋನಿಯೊದ ಬೆಕ್ಸಾರ್ ಕೌಂಟಿಯದ್ದು, ಡಿಕೇಟರಿನ ವೈಸ್ ಕೌಂಟಿಯದ್ದು. ವೈಸ್ ಕೌಂಟಿಯದ್ದಂತೂ ವಾಕ್ಸಹ್ಯಾಚಿಯದ್ದರ ಜೊತೆ ಹುಟ್ಟಿದ ತಮ್ಮನ ಹಾಗಿದೆ. ಗಾರ್ಡನ್ನರ ಜಾಣ್ಮೆ ಕಾಣಬೇಕಾದರೆ ಒಳಗೆ ಹೋಗಬೇಕು. ಕಟ್ಟಡದ ನಕ್ಷೆ ಒಂದು ಕೂಡು ಗುರುತಿನ ಹಾಗೆ, ನಾಲ್ಕು ತೋಳು. ಬಾಗಿಲುಗಳು ತೋಳುಗಳು ಕೂಡುವ ಮೂಲೆಗಳಲ್ಲಿ, ನೆರಳಿನಲ್ಲಿ. ನಡುವೆ ಮೆಟ್ಟಿಲು ಸುತ್ತಿ ಏರುವ ಟೊಳ್ಳು ಬಾವಿ, ಅದರ ಮೇಲೆ ಗೋಪುರ. ಫ್ಯಾನೂ ಇಲ್ಲದ ಕಾಲ. ಬಿಸಿಗಾಳಿ ಬಾವಿಯಲ್ಲಿ ಮೇಲೇರಿ ಗೋಪುರದಿಂದ ಹೊರಹೋಗುತ್ತದೆ, ನೆರಳಿನ ಬಾಗಿಲುಗಳಿಂದ ತಂಪು ಗಾಳಿ ಒಳಗೆ ಬರುತ್ತದೆ. ತೊಟ್ಟಿಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಜಗಲಿಯ ಮೇಲೆ ಮಲಗಿದವರಿಗೆ ಇದು ಮೈಗೆ ಗೊತ್ತು. ದೂರದಿಂದ ನೋಡಿದವರಿಗೆ ಆ ಗೋಪುರ ಜಂಬದ ಗುರುತು, ಒಳಗೆ ಕೂತು ಬೆವರುವ ಗುಮಾಸ್ತನಿಗೆ ಚಿಮಣಿ. ಒಂದೇ ಖರ್ಚಿನಲ್ಲಿ ಎರಡು ಕೆಲಸ.

ಅಲ್ಲಿ ಕಂಬದ ತಲೆಗಳ ಮೇಲೆ ಮುಖಗಳನ್ನು ಕೆತ್ತಿದ್ದಾರೆ. ಶಿಲ್ಪಿಯೊಬ್ಬ ಊರ ಹುಡುಗಿಯನ್ನು ಪ್ರೀತಿಸಿ ಅವಳ ಚೆಲುವಾದ ಮುಖ ಕೆತ್ತಿದನಂತೆ, ಅವಳು ಒಲ್ಲೆ ಅಂದ ಮೇಲೆ ಅದೇ ಮುಖವನ್ನು ವಿಕಾರ ಮಾಡುತ್ತ ಹೋದನಂತೆ. ಚೆಂದದ ಕಥೆ, ಬೋರ್ಡ್ ಹಾಕಿ ಹೇಳುವಷ್ಟು ಚೆಂದ. ಆಧಾರ ಮಾತ್ರ ತೆಳು. ಜಕಣಾಚಾರಿಯ ಕಪ್ಪೆಯನ್ನು ನಾವು ನಂಬುವ ಹಾಗೆ ಅವರೂ ಇದನ್ನು ನಂಬಿಕೊಂಡಿದ್ದಾರೆ, ಇರಲಿ. ಅಂದ ಹಾಗೆ, 1993ರಲ್ಲಿ ಅಮೆರಿಕದ ಸಂಸತ್ತು ಅರ್ಧಕ್ಕೆ ನಿಲ್ಲಿಸಿದ ದೈತ್ಯ ಕಣವೇಗವರ್ಧಕ ಇದೇ ಊರಿನ ಸುತ್ತ ಬರಬೇಕಾಗಿತ್ತು, 87 ಕಿಲೋಮೀಟರ್ ಉಂಗುರ. ಸೆಕೆಂಡಿನ ಕೋಟ್ಯಂತರ ಭಾಗಗಳನ್ನು ಎಣಿಸುವ ಯಂತ್ರ ಹೋಯಿತು, ಗಂಟೆ ಎಣಿಸುವುದು ಉಳಿಯಿತು.

ಈಗ ಗಡಿಯಾರಕ್ಕೆ ಬರೋಣ. ಇದು ನನ್ನ ಅಪ್ಪನ ಇಲಾಖೆ, ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ.

ಆ ಕಾಲದ ಗೋಪುರ ಗಡಿಯಾರ ಅಂದರೆ ಬೀಳುವುದಕ್ಕೆ ಬಹಳ ನಿಧಾನ ಮಾಡುವ ಒಂದು ಭಾರ. ಅಷ್ಟೆ. ಕಬ್ಬಿಣದ ಗುಂಡುಗಳನ್ನು ಉಕ್ಕಿನ ಹಗ್ಗದಲ್ಲಿ ಕಟ್ಟಿ ಮೇಲಕ್ಕೆ ಸುತ್ತಿ ಬಿಡುತ್ತಾರೆ. ಅವು ವಾರವಿಡೀ ಗೋಪುರದ ಒಳಗೆ ಇಳಿಯುತ್ತವೆ. ಗಡಿಯಾರಕ್ಕೆ ಎತ್ತರದ ಗೋಪುರ ಬೇಕಾಗುವುದು ಜನರಿಗೆ ಕಾಣಲಿ ಅಂತ ಮಾತ್ರವಲ್ಲ, ಗುಂಡು ಇಳಿಯಲು ಜಾಗ ಬೇಕು ಅಂತಲೂ ಹೌದು. ವಾರಕ್ಕೊಮ್ಮೆ ಒಬ್ಬ ಮನುಷ್ಯ ಮೆಟ್ಟಿಲು ಹತ್ತಿ, ಬಾವಿಯಿಂದ ನೀರು ಸೇದುವ ಹಾಗೆ ಹಿಡಿಕೆ ತಿರುಗಿಸಿ ಕೀ ಕೊಡಬೇಕು. ಸಾಮಾನ್ಯವಾಗಿ ಎರಡು ಗುಂಡು: ಒಂದು ಮುಳ್ಳು ನಡೆಸಲು, ಇನ್ನೊಂದು ಗಂಟೆ ಬಾರಿಸಲು. ಗಂಟೆಯ ಗುಂಡೇ ಹೆಚ್ಚು ಭಾರ, ಯಾಕೆಂದರೆ ಅದಕ್ಕೆ ಕೆಲಸ ಹೆಚ್ಚು. ಒಂದರಿಂದ ಹನ್ನೆರಡರ ತನಕ ಕೂಡಿಸಿ, ಎರಡರಿಂದ ಗುಣಿಸಿ: ಬರೀ ಗಂಟೆಗಳನ್ನಷ್ಟೇ ಬಾರಿಸಿದರೂ ದಿನಕ್ಕೆ 156 ಪೆಟ್ಟು. ಓಲ್ಡ್ ರೆಡ್‌ನ ಗೋಪುರದ ಗಂಟೆ 4,500 ಪೌಂಡು, ಹೆಚ್ಚುಕಡಿಮೆ ಎರಡು ಟನ್ನು. ಒಂದು ದೊಡ್ಡ ಕಾರನ್ನು ನೆತ್ತಿಗೆ ನೇತುಹಾಕಿ ದಿನಕ್ಕೆ ನೂರೈವತ್ತಾರು ಸಲ ಹೊಡೆದ ಹಾಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೇಳೆ ಕಾಯುವುದು ಲೋಲಕದ ಕೆಲಸ. ಒಂದು ಸೆಕೆಂಡಿಗೆ ಒಂದು ಬದಿಗೆ ತೂಗುವ ಲೋಲಕದ ಉದ್ದ ಸುಮಾರು 99 ಸೆಂಟಿಮೀಟರ್. ಎರಡು ಸೆಕೆಂಡು ಬೇಕೆಂದರೆ ಉದ್ದ ನಾಲ್ಕು ಪಟ್ಟು, ಅಂದರೆ ನಾಲ್ಕು ಮೀಟರಿನ ಹತ್ತಿರ. ಇಲ್ಲಿಗೆ ಟೆಕ್ಸಸ್ಸಿನ ಸೆಕೆ ಬರುತ್ತದೆ. ಉಕ್ಕು ಕಾದರೆ ಹಿಗ್ಗುತ್ತದೆ, ಲೋಲಕ ಉದ್ದವಾದರೆ ಗಡಿಯಾರ ಹಿಂದೆ ಬೀಳುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ದಿನಕ್ಕೆ ಸುಮಾರು ಐದು ಸೆಕೆಂಡು. ಜನವರಿಯಲ್ಲಿ ಸರಿ ಮಾಡಿಟ್ಟ ಗಡಿಯಾರ ಜುಲೈಯಲ್ಲಿ ವಾರಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಸೋಮಾರಿಯಾಗುತ್ತದೆ. ಅದಕ್ಕೇ ಹಲವು ಗೋಪುರ ಗಡಿಯಾರಗಳ ಲೋಲಕದ ಕೋಲು ಮರದ್ದು: ಎಳೆಯ ಉದ್ದಕ್ಕೆ ಮರ ಉಕ್ಕಿನಷ್ಟು ಹಿಗ್ಗುವುದಿಲ್ಲ, ವಾರ್ನಿಶ್ ಬಳಿದರೆ ತೇವವೂ ಹಿಡಿಯುವುದಿಲ್ಲ. ಲಂಡನ್ನಿನ ಬಿಗ್ ಬೆನ್‌ನಲ್ಲಿ ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯ ಇಡುತ್ತಾರೆ. ಒಂದು ಪೆನ್ನಿ ಇಟ್ಟರೆ ದಿನಕ್ಕೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಬೇಗ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕಿದ್ದರು. ನಮ್ಮ ಅಂಗಡಿಯ ಗೋಡೆ ಗಡಿಯಾರಕ್ಕೆ ಅವರು ಐದು ಪೈಸೆಯ ನಾಣ್ಯ ಅಂಟಿಸಿದ್ದರು.

ಇನ್ನೊಂದು ತೊಂದರೆ ಹೊರಗಿನಿಂದ. ಮುಳ್ಳುಗಳು ಬಯಲಿನಲ್ಲಿವೆ. ಗಾಳಿ ಒತ್ತುತ್ತದೆ, ಚಳಿಗಾಲದಲ್ಲಿ ಹಿಮ ಕೂರುತ್ತದೆ, ಪಾರಿವಾಳ ಕೂರುತ್ತದೆ. ಆ ಒತ್ತಡವೆಲ್ಲ ಹಲ್ಲಿನ ಚಕ್ರಗಳ ಮೂಲಕ ಲೋಲಕಕ್ಕೆ ತಲುಪಿದರೆ ವೇಳೆ ಕೆಟ್ಟಿತು. ಬಿಗ್ ಬೆನ್‌ಗಾಗಿ ಇದಕ್ಕೊಂದು ಉಪಾಯ ಕಂಡುಹಿಡಿದವನು ಎಡ್ಮಂಡ್ ಬೆಕೆಟ್ ಡೆನಿಸನ್. ಯಂತ್ರ ನೇರವಾಗಿ ಲೋಲಕವನ್ನು ತಳ್ಳುವುದಿಲ್ಲ, ಒಂದು ಸಣ್ಣ ತೋಳನ್ನು ಎತ್ತಿಡುತ್ತದೆ. ಆ ತೋಳು ತನ್ನದೇ ತೂಕದಿಂದ ಬಿದ್ದು ಲೋಲಕವನ್ನು ತಳ್ಳುತ್ತದೆ. ಹೊರಗೆ ಬಿರುಗಾಳಿಯಿರಲಿ, ಪಾರಿವಾಳವಿರಲಿ, ಬೀಳುವ ತೋಳಿನ ತೂಕ ಬದಲಾಗುವುದಿಲ್ಲ. ಈ ಡೆನಿಸನ್ ಕಸುಬಿನಲ್ಲಿ ಏನು ಗೊತ್ತೇ? ವಕೀಲ! ಹೊರಗಿನ ಒತ್ತಡ ಒಳಗಿನ ತೀರ್ಪಿಗೆ ತಾಗದ ಹಾಗೆ ನೋಡಿಕೊಳ್ಳುವ ಯಂತ್ರವನ್ನು ಒಬ್ಬ ವಕೀಲ ಮಾಡಿದ. ಎಲ್ಲ ಕೋರ್ಟುಗಳಲ್ಲೂ ಆ ಯಂತ್ರ ಇರಲಿಲ್ಲ, ಇಲ್ಲಿ ನಾನು ಗಡಿಯಾರದ ಬಗ್ಗೆ ಮಾತ್ರ ಹೇಳುತ್ತಿಲ್ಲ.

ಸರಿ, ಗಡಿಯಾರ ಸರಿಯಾಗಿ ನಡೆಯುತ್ತಿದೆ ಅಂತ ಇಟ್ಟುಕೊಳ್ಳಿ. ಅದು ತೋರಿಸುವ ವೇಳೆ ಯಾರದ್ದು?

1883ರ ನವೆಂಬರ್ 18ರ ತನಕ ಅಮೆರಿಕದ ಪ್ರತಿ ಊರಿಗೂ ತನ್ನದೇ ಮಧ್ಯಾಹ್ನ. ಸೂರ್ಯ ನಮ್ಮ ನೆತ್ತಿಗೆ ಬಂದಾಗ ನಮಗೆ ಹನ್ನೆರಡು. ಆ ದಿನ ರೈಲು ಕಂಪನಿಗಳೆಲ್ಲ ಸೇರಿ ದೇಶವನ್ನು ಪಟ್ಟಿಗಳಾಗಿ ಕತ್ತರಿಸಿ, ಒಂದೊಂದು ಪಟ್ಟಿಗೆ ಒಂದೊಂದು ವೇಳೆ ಅಂತ ಗೊತ್ತು ಮಾಡಿಕೊಂಡವು. ಸರ್ಕಾರದ ಕಾನೂನು ಬಂದದ್ದು 1918ರಲ್ಲಿ, ಮೂವತ್ತೈದು ವರ್ಷ ತಡವಾಗಿ! ಡಲ್ಲಾಸ್ ಸೇರುವ ಪಟ್ಟಿಯ ಅಳತೆಗೋಲು 90 ಡಿಗ್ರಿ ಪಶ್ಚಿಮ ರೇಖಾಂಶ. ಡಲ್ಲಾಸ್ ಇರುವುದು ಸುಮಾರು 96.8ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಹಾಗಾಗಿ ಡಲ್ಲಾಸಿನ ಸೂರ್ಯ ರೈಲಿಗಿಂತ 27 ನಿಮಿಷ ಹಿಂದೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಒಂದು ಗಳಿಗೆ, ಮೇಲೆ ಮೂರು ನಿಮಿಷ. ನೋಡಿ, ಗಡಿಯಾರ ಅನ್ನುವ ಪದವೇ ಗಳಿಗೆಯ ಮನೆಯದ್ದು, ನೀರಲ್ಲಿ ಮುಳುಗುವ ಬಟ್ಟಲಿನ ಕಾಲದ್ದು. ಕಾರ್ಕಳದಲ್ಲೂ ಇದೇ ಕಥೆ. ಭಾರತದ ವೇಳೆ 82.5 ಡಿಗ್ರಿಯದ್ದು, ಕಾರ್ಕಳ 75ರಲ್ಲಿ, ಅಲ್ಲಿ ಸೂರ್ಯ ಅರ್ಧ ಗಂಟೆ ಹಿಂದೆ. ನಾನು ಊರು ಬಿಟ್ಟು ಇಷ್ಟು ದೂರ ಬಂದರೂ ನನ್ನ ಸೂರ್ಯ ಸರ್ಕಾರಕ್ಕಿಂತ ಅರ್ಧ ಗಂಟೆ ತಡ ಮಾಡುವುದು ತಪ್ಪಲಿಲ್ಲ.

ನ್ಯಾಯಾಲಯದಲ್ಲಿ ಅರ್ಧ ಗಂಟೆ ಅಂದರೆ ಸಣ್ಣ ಮಾತಲ್ಲ. ಅಮೆರಿಕಕ್ಕಿಂತ ಮೊದಲೇ ಈ ಜಗಳ ಇಂಗ್ಲೆಂಡಿನಲ್ಲಿ ನಡೆದಿತ್ತು. 1858ರ ನವೆಂಬರ್, ಡಾರ್ಚೆಸ್ಟರ್ ಊರಿನ ಕೋರ್ಟು, ಕರ್ಟಿಸ್ ಮತ್ತು ಮಾರ್ಚ್ ಅನ್ನುವವರ ದಾವೆ. ಹತ್ತು ಗಂಟೆಗೆ ಕೇಸು. ಕೋರ್ಟಿನ ಗಡಿಯಾರ ಹತ್ತು ದಾಟಿ ಆರು ನಿಮಿಷ ತೋರಿಸಿತು, ಪ್ರತಿವಾದಿ ಬಂದಿರಲಿಲ್ಲ, ನ್ಯಾಯಾಧೀಶರು ಅವನ ವಿರುದ್ಧ ತೀರ್ಪು ಕೊಟ್ಟೇಬಿಟ್ಟರು. ಅಷ್ಟರಲ್ಲಿ ಅವನು ಬಂದ. ಊರ ಗಡಿಯಾರದ ಪ್ರಕಾರ ಅವನು ಸರಿಯಾದ ಹೊತ್ತಿಗೇ ಬಂದಿದ್ದ! ಕೋರ್ಟಿನದ್ದು ಲಂಡನ್ನಿನ ಗ್ರೀನಿಚ್ ವೇಳೆ, ಊರಿನದ್ದು ಊರ ವೇಳೆ. ಮೇಲಿನ ಕೋರ್ಟಿಗೆ ಹೋಯಿತು. ಹತ್ತು ಗಂಟೆ ಅಂದರೆ ಆಯಾ ಊರಿನ ಹತ್ತು ಗಂಟೆಯೇ ಅಂತ ತೀರ್ಮಾನವಾಯಿತು. ಕೋರ್ಟಿನ ಸ್ವಂತ ಗಡಿಯಾರ ಕೋರ್ಟಿನಲ್ಲೇ ಸೋತಿತು. ಪಾರ್ಲಿಮೆಂಟ್ ಕಾನೂನು ಮಾಡಿ ಗ್ರೀನಿಚ್ ವೇಳೆಯನ್ನು ಒಪ್ಪಿಸಿದ್ದು 1880ರಲ್ಲಿ.

ಅಮೆರಿಕದಲ್ಲಿ ಜಾರ್ಜಿಯಾದ ಸುಪ್ರೀಂ ಕೋರ್ಟು 1889ರಲ್ಲಿ ಇನ್ನೂ ಖಡಾಖಂಡಿತವಾಗಿ ಹೇಳಿತು: ಕಾನೂನಿಗೆ ಗೊತ್ತಿರುವ ಅಳತೆ ಸೂರ್ಯನ ಮಧ್ಯಾಹ್ನ ಒಂದೇ. ಯಾವುದೋ ಕಸುಬಿನವರು ತಮ್ಮ ಅನುಕೂಲಕ್ಕೆ ಗೊತ್ತುಮಾಡಿಕೊಂಡ ಕೃತಕ ವೇಳೆಯನ್ನು ಅದರ ಜಾಗದಲ್ಲಿ ತಂದು ಕೂರಿಸುವ ಹಾಗಿಲ್ಲ. ಟೆಕ್ಸಸ್ಸಿನ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯವೂ 1895ರಲ್ಲಿ ಸೂರ್ಯನ ಪಕ್ಷವನ್ನೇ ಹಿಡಿಯಿತು. ಅಂದರೆ ಓಲ್ಡ್ ರೆಡ್ ಕಟ್ಟಿ ಮೂರು ವರ್ಷವಾಗಿದೆ, ಊರಿನ ವ್ಯಾಪಾರವೆಲ್ಲ ರೈಲಿನ ವೇಳೆಗೆ ನಡೆಯುತ್ತಿದೆ, ಕಾನೂನು ಮಾತ್ರ ಕಿಟಕಿಯಿಂದ ಸೂರ್ಯನನ್ನು ನೋಡುತ್ತಿದೆ.

ನೀವು ನಗುತ್ತಿದ್ದೀರಿ. ನಿಮ್ಮ ಅಡುಗೆಮನೆಯ ಗೋಡೆಯನ್ನು ನೆನಪು ಮಾಡಿಕೊಳ್ಳಿ. ಊರಿಂದ ತಂದ ಕ್ಯಾಲೆಂಡರ್ ಇದೆ ಅಲ್ಲವೇ? ಗೃಹಪ್ರವೇಶದ ಮುಹೂರ್ತ ಕೇಳಿದಾಗ ಭಟ್ಟರು ಮೊದಲು ಕೇಳುವುದು ಊರು ಯಾವುದು ಅಂತ, ಯಾಕೆಂದರೆ ಪಂಚಾಂಗಕ್ಕೆ ಬೇಕಾದದ್ದು ಆ ಊರಿನ ಸೂರ್ಯೋದಯ. ಆಫೀಸಿಗೆ ರೈಲಿನ ವೇಳೆ, ಲಗ್ನಕ್ಕೆ ಸೂರ್ಯನ ವೇಳೆ. ಜಾರ್ಜಿಯಾದ ಆ ನ್ಯಾಯಾಧೀಶರು ನಮ್ಮ ಭಟ್ಟರ ಜೊತೆ ಕೂತಿದ್ದರೆ ಒಂದೇ ಒಂದು ವಿಷಯಕ್ಕೂ ಜಗಳವಾಗುತ್ತಿರಲಿಲ್ಲ.

ಇಲ್ಲಿಂದ ಮುಂದಿನದು ನಗುವ ಭಾಗವಲ್ಲ. ಬಿಟ್ಟುಬಿಡಬಹುದಿತ್ತು, ಮಕ್ಕಳೂ ಇದ್ದಾರೆ. ಆದರೆ ಈ ಕಟ್ಟಡದ ಬಗ್ಗೆ ಮಾತಾಡಿ ಇದನ್ನು ಹೇಳದಿದ್ದರೆ ಕಲ್ಲಿನ ಬಣ್ಣ ಮಾತ್ರ ಹೇಳಿದ ಹಾಗೆ. 1910ರ ಮಾರ್ಚ್ 3. ಅಲೆನ್ ಬ್ರೂಕ್ಸ್ ಅನ್ನುವ ವಯಸ್ಸಾದ ಕಪ್ಪು ಮನುಷ್ಯನನ್ನು ವಿಚಾರಣೆಗೆಂದು ಈ ಕೋರ್ಟಿಗೆ ಕರೆತಂದಿದ್ದರು. ಅವನ ಮೇಲೆ ಆರೋಪವಿತ್ತು, ಸಾಬೀತಾಗಿರಲಿಲ್ಲ. ಗುಂಪು ನ್ಯಾಯಾಲಯದ ಕೋಣೆಗೇ ನುಗ್ಗಿತು. ಕುತ್ತಿಗೆಗೆ ಹಗ್ಗ ಬಿಗಿದು ಎರಡನೇ ಮಹಡಿಯ ಕಿಟಕಿಯಿಂದ ಕೆಳಗೆಳೆದರು, ಬೀದಿಯಲ್ಲಿ ಎಳೆದುಕೊಂಡು ಹೋಗಿ ಮೇನ್ ಮತ್ತು ಏಕಾರ್ಡ್ ಬೀದಿಗಳ ಕೂಡುವಲ್ಲಿದ್ದ ಸ್ವಾಗತ ಕಮಾನಿಗೆ ನೇತುಹಾಕಿದರು. ಸಾವಿರಾರು ಜನ ನೋಡಿದರು. ಅದರ ಫೋಟೊ ಪೋಸ್ಟ್ ಕಾರ್ಡಾಗಿ ಮಾರಾಟವಾಯಿತು. ನೆತ್ತಿಯ ಗಡಿಯಾರದ ಕೆಳಗೆ, ಹಗಲು ಹೊತ್ತಿನಲ್ಲೇ ನಡೆದದ್ದು. ಆ ಜಾಗದಲ್ಲಿ ಅವನ ಹೆಸರಿನ ಒಂದು ಫಲಕ ಬಂದದ್ದು 2021ರಲ್ಲಿ. ಮುಂದಿನ ಸಲ ನೆಂಟರು ಬಂದಾಗ ಅಲ್ಲಿಗೂ ನಡೆದು ಹೋಗಿ, ಕೋರ್ಟಿನಿಂದ ದೂರವೇನಿಲ್ಲ.

ಒಂಬತ್ತು ವರ್ಷ ಕಳೆದು, 1919ರಲ್ಲಿ ಗೋಪುರವನ್ನೇ ಕಳಚಿದರು. ಕಾರಣ ಸರಳ: ಕಟ್ಟಡಕ್ಕೆ ಅದರ ಭಾರ ಹೊರಲು ಆಗುತ್ತದೋ ಇಲ್ಲವೋ ಅನ್ನುವ ಭಯ. ಎರಡು ಟನ್ನಿನ ಗಂಟೆ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಪೈಪೋಟಿಯಲ್ಲಿ ಎತ್ತರಕ್ಕೆ ಕಟ್ಟಿದವರು ಅಡಿಪಾಯದ ಬಗ್ಗೆ ಅಷ್ಟು ಚಿಂತೆ ಮಾಡಿರಲಿಲ್ಲವೋ ಏನೋ, ಗುತ್ತಿಗೆ ಕೆಲಸ ನೋಡಿದ ನನಗೆ ಆಶ್ಚರ್ಯವಿಲ್ಲ. ಅಲ್ಲಿಂದ ಮುಂದೆ ಎಂಬತ್ತೆಂಟು ವರ್ಷ ಓಲ್ಡ್ ರೆಡ್ ತಲೆಯಿಲ್ಲದೆ ನಿಂತಿತ್ತು. ಒಳಗೂ ಹಾಗೇ. ಎರಕದ ಕಬ್ಬಿಣದ ದೊಡ್ಡ ಮೆಟ್ಟಿಲಿದ್ದ ಜಾಗವನ್ನು ಆಫೀಸು ಕೋಣೆಗಳು ನುಂಗಿದವು. 1966ರಲ್ಲಿ ಕೋರ್ಟಿನ ಕೆಲಸ ಹೊಸ ಕಟ್ಟಡಕ್ಕೆ ಹೋಯಿತು.

ಇದರ ನಡುವೆ 1963ರ ನವೆಂಬರ್ 22 ಬಂತು. ಕೆನಡಿಯ ಕಾರಿನ ಸಾಲು ಈ ಕೋರ್ಟಿನ ಪಕ್ಕದಲ್ಲೇ ತಿರುಗಿತು. ಆ ದಿನದ ಚಿತ್ರಗಳಲ್ಲಿ ಓಲ್ಡ್ ರೆಡ್ ಕಂಡರೂ ಗೋಪುರವಿಲ್ಲ, ಗಡಿಯಾರವಿಲ್ಲ. ಹಾಗಾದರೆ ಆ ಚೌಕದಲ್ಲಿ ವೇಳೆ ಹೇಳುತ್ತಿದ್ದವರು ಯಾರು? ಗುಂಡು ಹಾರಿದ ಪುಸ್ತಕ ಉಗ್ರಾಣದ ಮಾಳಿಗೆಯ ಮೇಲೆ ಬಾಡಿಗೆ ಕಾರಿನ ಕಂಪನಿಯೊಂದರ, ಹರ್ಟ್ಸ್‌ನ, ದೊಡ್ಡ ಜಾಹೀರಾತು ಫಲಕವಿತ್ತು, ಅದರಲ್ಲಿ ದೀಪದ ಅಂಕಿಗಳ ಗಡಿಯಾರ. ಅದು 12:30 ತೋರಿಸುತ್ತಿತ್ತು. ಇತಿಹಾಸ ಬರೆದುಕೊಂಡದ್ದೂ ಅದನ್ನೇ. ಕೌಂಟಿ ತನ್ನ ಗಡಿಯಾರ ಇಳಿಸಿದ ಮೇಲೆ ಆ ಕೆಲಸ ಕಾರು ಬಾಡಿಗೆ ಕೊಡುವವರ ಪಾಲಿಗೆ ಬಂತು, ಮೊದಲು ರೈಲಿನವರ ಪಾಲಿಗೆ ಬಂದ ಹಾಗೆ. ಜಾರ್ಜಿಯಾದ ನ್ಯಾಯಾಧೀಶರನ್ನು ಕೇಳಿದ್ದರೆ ಆಗ ಡಲ್ಲಾಸಿನ ವೇಳೆ ಹನ್ನೆರಡು ಗಂಟೆ ಮೂರು ನಿಮಿಷ ಅನ್ನುತ್ತಿದ್ದರು.

2007ರಲ್ಲಿ ಗೋಪುರ ವಾಪಸ್ ಬಂತು. ಕಟ್ಟಡವನ್ನು ಪೂರ್ತಿ ಸರಿಪಡಿಸಿ, ಮೆಟ್ಟಿಲನ್ನು ಮತ್ತೆ ಕಟ್ಟಿ, ಡಲ್ಲಾಸ್ ಕೌಂಟಿಯ ಇತಿಹಾಸದ ಮ್ಯೂಸಿಯಂ ತೆರೆದರು. ಟೆಕ್ಸಸ್ ರಾಜ್ಯ ಹಳೆಯ ಕೋರ್ಟುಗಳನ್ನು ಉಳಿಸಲು 1999ರಲ್ಲಿ ಶುರುಮಾಡಿದ ಯೋಜನೆಯಿಂದ ವಾಕ್ಸಹ್ಯಾಚಿಯಂಥ ಎಷ್ಟೋ ಊರುಗಳಲ್ಲಿ ಇಂಥ ಕೆಲಸ ನಡೆದಿದೆ. ಗೋಪುರ ಹೊಸದಲ್ಲವೇ, ಹಳೆಯದ್ದರ ನಕಲಲ್ಲವೇ ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತೇರಿನ ಗಾಲಿ ಬದಲಾಯಿಸಿದ ಮೇಲೂ ಅದು ಅದೇ ತೇರು.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ, ಹತ್ತು ವರ್ಷದವಳಿರಬೇಕು, ಒಂದು ಪ್ರಶ್ನೆ ಕೇಳಿದಳು. ನವೆಂಬರಿನಲ್ಲಿ ಎಲ್ಲರೂ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರಲ್ಲ, ಗೋಪುರದ್ದನ್ನು ಹೇಗೆ ತಿರುಗಿಸುತ್ತಾರೆ?

ಹಳೆಯ ಯಂತ್ರವಾದರೆ ತಿರುಗಿಸುವುದಿಲ್ಲ ಅಂದೆ. ಗಂಟೆ ಎಣಿಸುವ ಚಕ್ರಕ್ಕೆ ಮುಂದಕ್ಕೆ ಹೋಗಿ ಗೊತ್ತೇ ಹೊರತು ಹಿಂದಕ್ಕೆ ಬಂದು ಗೊತ್ತಿಲ್ಲ. ಬಲವಂತ ಮಾಡಿದರೆ ಎರಡಕ್ಕೆ ಮೂರು ಬಾರಿಸುತ್ತದೆ, ಇಲ್ಲ ಹಲ್ಲು ಮುರಿಯುತ್ತದೆ. ಅದಕ್ಕೇ ಕೀ ಕೊಡುವವರು ಮೆಟ್ಟಿಲು ಹತ್ತಿ ಹೋಗಿ, ಲೋಲಕವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿ, ಒಂದು ಗಂಟೆ ಸುಮ್ಮನೆ ಕಾಯುತ್ತಾರೆ. ಆಮೇಲೆ ಕೈ ಬಿಡುತ್ತಾರೆ.

"ಆ ಒಂದು ಗಂಟೆ ಅವರು ಏನು ಮಾಡುತ್ತಾರೆ?" ಅಂದಳು.

ನನ್ನ ಅಪ್ಪನಾಗಿದ್ದರೆ ವೀಳ್ಯ ಹಾಕುತ್ತಿದ್ದರು ಅಂತ ಹೇಳಿದೆ.